ಡ್ರೈವರ್ ಜೊತೆ ಮಾತಾಡಬೇಡಿ

ಒಂದು ಕಾಲಕ್ಕೆ ಉರಿಗಾಂನಲ್ಲಿ ಕೋದಂಡಪ್ಪನ ಕೈಗೆ ಒಳ್ಳೆಯ ಹೆಸರಿತ್ತು. ಅವನು ಚಿನ್ನದ ಗಣಿಯಲ್ಲಿ ವೈಂಡಿಂಗ್ ಡ್ರೈವರ್. ಅಂದರೆ ಜನರನ್ನು ಭೂಮಿಯೊಳಕ್ಕೆ ಇಳಿಸುವ, ಮತ್ತೆ ಮೇಲಕ್ಕೆ ಎತ್ತುವ ಕೇಜಿನ ಇಂಜಿನ್ ನಡೆಸುವವನು. ಕೇಜು ಅವನ ಕಣ್ಣಿಗೆ ಕಾಣುತ್ತಲೇ ಇರಲಿಲ್ಲ. ಎದುರಿಗೊಂದು ದೊಡ್ಡ ಡಯಲು, ಕೈಯಲ್ಲೊಂದು ಲಿವರು, ಕಿವಿಗೆ ಬೀಳುವ ಬೆಲ್ಲು, ಇಷ್ಟರಲ್ಲೇ ಅವನ ಕೆಲಸ. ಒಂದು ಬೆಲ್ ಬಿದ್ದರೆ ನಿಲ್ಲಿಸಬೇಕು. ಮೂರು ಬಿದ್ದರೆ ಕೇಜಿನಲ್ಲಿರುವುದು ಕಲ್ಲಲ್ಲ, ಮನುಷ್ಯರು, ಮೆಲ್ಲಗೆ ನಡೆಸಬೇಕು. ಕೋದಂಡಪ್ಪ ಇಳಿಸಿದರೆ ಕೈಯಲ್ಲಿರುವ ಟೀ ಲೋಟ ತುಳುಕುವುದಿಲ್ಲ ಎಂದು ಗಣಿಯವರೆಲ್ಲ ಹೇಳುತ್ತಿದ್ದರಂತೆ. ಹಾಗೆ ಹೇಳಿದವರು ಒಬ್ಬಿಬ್ಬರಿರಬಹುದು. ಎಲ್ಲರೂ ಹೇಳುತ್ತಿದ್ದರು ಎಂದು ಊರಿಗೆಲ್ಲ ಸಾರಿದವನು ಕೋದಂಡಪ್ಪನೇ.

ಇಂಜಿನ್ ಮನೆಯ ಬಾಗಿಲಿಗೆ ಒಂದು ಬೋರ್ಡು ಹೊಡೆದಿದ್ದರು. ಇಂಗ್ಲಿಷು, ತಮಿಳು, ತೆಲುಗು, ಕನ್ನಡ ಎಲ್ಲದರಲ್ಲೂ ಒಂದೇ ಮಾತು: ಡ್ರೈವರ್ ಜೊತೆ ಮಾತಾಡಬೇಡಿ. ಮದುವೆಯಾದ ಹೊಸದರಲ್ಲಿ ಅವನ ಹೆಂಡತಿ ಮುತ್ಯಾಲಮ್ಮ ಊಟದ ಡಬ್ಬಿ ಹಿಡಿದುಕೊಂಡು ಓಡಿ ಹೋಗಿ ಆ ಬಾಗಿಲಲ್ಲಿ ನಿಂತು ಗಂಡನನ್ನು ಕೂಗಿದಳು. ಓದು ಬಾರದವಳಿಗೆ ಬೋರ್ಡು ಯಾವ ಭಾಷೆಯಲ್ಲಿದ್ದರೇನು? ಕೋದಂಡಪ್ಪ ತಿರುಗಿಯೂ ನೋಡಲಿಲ್ಲ. ಕೇಜು ನಿಂತ ಮೇಲೆ ಎದ್ದು ಬಂದು, "ನನ್ ಕೈ ಲಿವರ್ ಮ್ಯಾಲಿರೋವಾಗ ನೀನು ಬಾಯಿ ಬಿಟ್ರೆ ಕೆಳಗೆ ಯಾವನೋ ಸಾಯ್ತಾನೆ, ತಿಳೀತಾ?" ಎಂದ. ಡಬ್ಬಿ ಇಸಿದುಕೊಂಡ. ಹುಡುಗಿ ನಡುಗುತ್ತಾ ಮನೆಗೆ ಬಂದಳು.

ಆ ಬೋರ್ಡನ್ನು ಕೋದಂಡಪ್ಪ ಮನೆಗೆ ತಂದು ಹೊಡೆಯಲಿಲ್ಲ, ಹೊಡೆಯಬೇಕಾಗಿಯೂ ಬರಲಿಲ್ಲ. ಅಂದಿನಿಂದ ಗಂಡನ ಕೈಯಲ್ಲಿ ಏನಾದರೂ ಇದ್ದರೆ ಮುತ್ಯಾಲಮ್ಮ ಮಾತಾಡುತ್ತಿರಲಿಲ್ಲ. ಅವನು ರೇಡಿಯೋ ತಿರುಪುತ್ತಿದ್ದರೂ ಅಷ್ಟೆ, ಗಡ್ಡ ಹೆರೆಯುತ್ತಿದ್ದರೂ ಅಷ್ಟೆ. ಒಮ್ಮೆ ಅವನು ರೇಡಿಯೋ ಬಿಚ್ಚಿಕೊಂಡು ಕೂತಿದ್ದಾಗ ಪಂಚೆಯ ಅಂಚಿಗೆ ಚೇಳು ಬಂದಿತ್ತು. ಅವಳು ಉಸಿರೆತ್ತದೆ ಪೊರಕೆಯಿಂದ ಅದನ್ನು ಆಚೆ ತಳ್ಳಿ, ಕೊಂದು, ಅವನು ಸ್ಕ್ರೂ ತಿರುಪುವುದನ್ನು ಮುಗಿಸಿದ ಮೇಲೆ ತೋರಿಸಿದಳು. ಇದನ್ನು ಕೋದಂಡಪ್ಪ ಎಷ್ಟೋ ವರ್ಷ ನೆಂಟರ ಮುಂದೆಲ್ಲ ಹೇಳಿಕೊಂಡು ಮೆರೆದ. ಹೆಂಡತಿ ಅಂದರೆ ಹೀಗಿರಬೇಕು ನೋಡಿ ಎನ್ನುವುದು ಅವನ ಮಾತಿನ ಧಾಟಿ. ಚೇಳು ಕಡಿದಿದ್ದರೆ ಏನು ಗತಿ ಎಂದು ಅವನಾಗಲೀ ಕೇಳಿದವರಾಗಲೀ ಯೋಚಿಸಲಿಲ್ಲ.

ಗಣಿಯಿಂದ ರಿಟೈರಾದ ಮೇಲೆ ಇಬ್ಬರೂ ಬಂಗಾರಪೇಟೆಯ ಹತ್ತಿರದ ತಮ್ಮ ಊರಿಗೆ ಬಂದರು. ಮಗ ಸೀನಪ್ಪ ಸೀಮೆ ಹಸು ಕಟ್ಟಿ ಡೈರಿಗೆ ಹಾಲು ಹಾಕುತ್ತಿದ್ದ. ಸೊಸೆ ವೆಂಕಟರತ್ನಮ್ಮ ಮುತ್ಯಾಲಮ್ಮನ ತಮ್ಮನ ಮಗಳೇ ಆದ್ದರಿಂದ ಅತ್ತೆ ಮಾವ ಎಂಬ ಅಂಜಿಕೆ ಅವಳಿಗೆ ಇರಲಿಲ್ಲ. ಮನೆಯಲ್ಲಿ ಯಾವುದಕ್ಕೂ ಕೊರತೆಯಿಲ್ಲ. ಮುತ್ಯಾಲಮ್ಮನ ಸಕ್ಕರೆ ಕಾಯಿಲೆ ಮಾತ್ರ ಹಳೆಯದು, ಅದು ಮೆಲ್ಲಗೆ ಪಾದಕ್ಕೆ ಇಳಿಯಿತು.

ಮೊದಲು ಬೆರಳ ತುದಿಯಲ್ಲಿ ಇರುವೆ ಹರಿದಂತೆ ಆಗುತ್ತದೆ ಎಂದಳು. ಆಮೇಲೆ ಅಂಗಾಲು ಉರಿಯುತ್ತದೆ ಎಂದಳು. ಆಮೇಲೆ ಏನೂ ಅನ್ನುವುದನ್ನೇ ಬಿಟ್ಟಳು. ಹರಳೆಣ್ಣೆ ತಿಕ್ಕಿದ್ದಾಯಿತು, ಗೋರಂಟಿ ಅರೆದು ಕಟ್ಟಿದ್ದಾಯಿತು. ಹೊದಿಕೆಯ ಅಂಚು ಪಾದಕ್ಕೆ ತಗುಲಿದರೂ ತಡೆಯಲಾರಳು. ಮಂಚ ಬಿಟ್ಟು ಬಾಗಿಲ ಪಕ್ಕದ ಸಿಮೆಂಟು ನೆಲಕ್ಕೆ ಬಂದಳು. ಎರಡು ಪಾದವನ್ನೂ ತಣ್ಣನೆಯ ಗೋಡೆಗೆ ಒತ್ತಿಕೊಂಡು ಮಲಗುತ್ತಿದ್ದಳು. ಮಲಗುತ್ತಿದ್ದಳೇ ಹೊರತು ನಿದ್ದೆ ಎಲ್ಲಿಯದು? ಭೂಮಿಯ ಹೊಟ್ಟೆಯೊಳಗಿನ ಸೆಕೆಯಿಂದ ಅಷ್ಟೊಂದು ಜನರನ್ನು ಮೇಲಕ್ಕೆತ್ತಿದ ಕೈ ಇದು, ಕಟ್ಟಿಕೊಂಡವಳ ಕಾಲಿನ ಉರಿ ಇಳಿಸುವುದಕ್ಕೆ ಬರುವುದಿಲ್ಲವಲ್ಲ ಎಂದುಕೊಂಡು ಕೋದಂಡಪ್ಪ ಮಂಚದ ಮೇಲೆ ಒಬ್ಬನೇ ಹೊರಳುತ್ತಿದ್ದ. ಅವಳಿಗೆ ಮತ್ತೆ ಮಂಚದ ಮೇಲೆ ನಿದ್ದೆ ಬರಬೇಕು, ಅವನ ಆಸೆ ಅದೊಂದೇ.

ಸಕ್ಕರೆಗೆ ಮಾತ್ರೆ ಬರೆಯುತ್ತಿದ್ದ ಡಾಕ್ಟರು ರಾಬರ್ಟ್‌ಸನ್‌ಪೇಟೆಯಲ್ಲಿ ಕರೆಂಟಿನಿಂದ ನೋವು ಕಡಿಮೆ ಮಾಡುವ ಒಬ್ಬ ಡಾಕ್ಟ್ರಮ್ಮ ಬಂದಿದ್ದಾರೆ, ಒಮ್ಮೆ ತೋರಿಸಿ ಎಂದರು. ತೊಂಬತ್ತೊಂದನೆಯ ಇಸವಿ ಅದು. ಕರೆಂಟು ಎಂದರೆ ತಂತಿ ಹಿಡಿದು ಸತ್ತವರ ಸುದ್ದಿಯನ್ನಷ್ಟೇ ಕೇಳಿದ್ದ ಊರವರು ಬೇಡವೇ ಬೇಡ ಎಂದರು. ಕೋದಂಡಪ್ಪ ಯಾರ ಮಾತನ್ನೂ ಕಿವಿಗೆ ಹಾಕಿಕೊಳ್ಳದೆ ಹೆಂಡತಿಯನ್ನು ಆ ಕಡೆಗೆ ಹೋಗುವ ಮಾರಿಕುಪ್ಪಂ ರೈಲು ಹತ್ತಿಸಿಕೊಂಡು ಹೊರಟೇಬಿಟ್ಟ.

ಅಂಗಡಿಯೊಂದರ ಮಹಡಿಯ ಮೇಲೆ ಆ ಡಾಕ್ಟ್ರಮ್ಮನ ಕೋಣೆ. ವಯಸ್ಸು ಚಿಕ್ಕದು, ಮಾತು ಅರ್ಧ ತಮಿಳು ಅರ್ಧ ಕನ್ನಡ. ಊರವರ ಬಾಯಲ್ಲಿ ಆಗಲೇ ಆಕೆ ಕರೆಂಟಮ್ಮ ಆಗಿದ್ದರು. ಮುತ್ಯಾಲಮ್ಮನಿಗೆ ಕಣ್ಣು ಮುಚ್ಚಿಕೊಳ್ಳಲು ಹೇಳಿ ಪಾದವನ್ನೆಲ್ಲ ಹತ್ತಿಯಿಂದ ಸವರಿದರು, ಪಿನ್ನಿನಿಂದ ಮೆಲ್ಲಗೆ ಚುಚ್ಚಿದರು. ಎಲ್ಲಿ ಬೆಂಕಿಯಂತೆ ಉರಿಯುತ್ತದೆ ಎನ್ನುತ್ತಿದ್ದಳೋ ಅಲ್ಲೇ ಪಿನ್ನು ಚುಚ್ಚಿದ್ದು ಅವಳಿಗೆ ತಿಳಿಯಲಿಲ್ಲ. ಸ್ಪರ್ಶವೇ ಇಲ್ಲದ ಕಡೆ ಉರಿ ಹೇಗೆ ಎಂದು ಕೋದಂಡಪ್ಪ ಕೇಳಿದ. ಅವನು ಗಣಿಯವನು ಎಂದು ತಿಳಿದುಕೊಂಡಿದ್ದ ಕರೆಂಟಮ್ಮ, "ನಿಮ್ಮ ಗಣೀಲಿ ಬೆಲ್ ತಂತಿ ಕೆಟ್ಟೋದ್ರೆ ಏನಾಗ್ತಿತ್ತು?" ಎಂದರು. ಕೋದಂಡಪ್ಪನಿಗೆ ಥಟ್ಟನೆ ಹೊಳೆಯಿತು. ತಂತಿಗೆ ನೀರು ಇಳಿದರೆ ಕೆಳಗೆ ಹೊಡೆದ ಬೆಲ್ಲು ಮೇಲೆ ಕೇಳುವುದಿಲ್ಲ. ಒಮ್ಮೊಮ್ಮೆ ಯಾರೂ ಹೊಡೆಯದೆ ತಾನೇ ಬಡಿದುಕೊಳ್ಳುತ್ತದೆ. ಸಕ್ಕರೆಯಿಂದ ಕಾಲಿನ ನರಕ್ಕೂ ಹಾಗೇ ಆಗಿದೆ ಎಂದರು ಆಕೆ. ಕರೆಂಟು ಆ ನರವನ್ನು ಹೊಸದು ಮಾಡುವುದಿಲ್ಲ, ಸುಮ್ಮಸುಮ್ಮನೆ ಬಡಿದುಕೊಳ್ಳುವ ಬೆಲ್ಲನ್ನು ಸ್ವಲ್ಪ ಹೊತ್ತು ಅಡಗಿಸಬಹುದು. ಕೆಲವರಿಗೆ ಗುಣ ಕಾಣುತ್ತದೆ, ಕೆಲವರಿಗೆ ಇಲ್ಲ. ಸಕ್ಕರೆ ಹಿಡಿತದಲ್ಲಿ ಇಡುವುದನ್ನು ಮಾತ್ರ ಬಿಡಬಾರದು ಎಂದೂ ಸೇರಿಸಿದರು.

ಪಾದದಲ್ಲಿ ಸ್ಪರ್ಶವಿಲ್ಲವಾದ್ದರಿಂದ ಹಿಮ್ಮಡಿಗಿಂತ ಮೇಲೆ, ಸ್ಪರ್ಶ ಚೆನ್ನಾಗಿರುವ ಕಡೆ, ಎರಡು ರಬ್ಬರು ಬಿಲ್ಲೆಗಳಿಗೆ ಜೆಲ್ಲು ಬಳಿದು ಅಂಟಿಸಿದರು. ಅಂಗೈಯಗಲದ ಬ್ಯಾಟರಿ ಪೆಟ್ಟಿಗೆ, ಅದರಿಂದ ಎರಡು ತಂತಿ, ಮೇಲೊಂದು ತಿರುಪು. ಜುಮ್ಮೆನ್ನಬೇಕು, ನೋಯಬಾರದು, ಅಮ್ಮ ಸಾಕು ಅಂದ ಕೂಡಲೇ ನಿಲ್ಲಿಸಬೇಕು ಎಂದು ಬಿಡಿಸಿ ಹೇಳಿದರು. ಕೋದಂಡಪ್ಪ ತಲೆಯಾಡಿಸಿದ. ಆದರೆ ಅವನ ಕಣ್ಣೆಲ್ಲ ಆ ತಿರುಪಿನ ಸುತ್ತ ಇದ್ದ ಅಂಕೆಗಳ ಮೇಲಿತ್ತು. ಎಷ್ಟು ವರ್ಷವಾಗಿತ್ತು, ಡಯಲು ಎಂಬುದನ್ನು ಅವನು ನೋಡಿ!

ಹೀಗೆ ಕೆಲವು ಸಲ ಹೋಗಿ ಬಂದರು. ಒಂದು ಮಧ್ಯಾಹ್ನ ವಾಪಸು ಬರುವ ರೈಲಿನಲ್ಲಿ ಮುತ್ಯಾಲಮ್ಮ ಕಿಟಕಿಗೆ ತಲೆಯಾನಿಸಿ ನಿದ್ದೆ ಹೋದಳು. ಬಾಯಿ ಸ್ವಲ್ಪ ತೆರೆದುಕೊಂಡು, ಎಳೆಗೂಸಿನ ಹಾಗೆ. ಬಂಗಾರಪೇಟೆ ಬಂತು. ಎಬ್ಬಿಸಬೇಕೆಂದು ಕೈ ಚಾಚಿದ ಕೋದಂಡಪ್ಪ ಹಾಗೇ ಕೈ ಹಿಂದಕ್ಕೆ ತೆಗೆದುಕೊಂಡ. ರೈಲು ಬೆಂಗಳೂರಿನ ಕಡೆಗೆ ಹೊರಟೇಹೋಯಿತು. ಟೇಕಲ್ಲಿನಲ್ಲಿ ಇಳಿದು ಬಸ್ಸು ಹುಡುಕಿಕೊಂಡು ಹಿಂದಕ್ಕೆ ಬಂದರು. ನೀವೂ ನಿದ್ದೆ ಮಾಡಿದ್ರಾ ಎಂದು ಅವಳು ಕೇಳಿದ್ದಕ್ಕೆ ಹೌದು ಎಂದು ಸುಳ್ಳು ಹೇಳಿದ.

ಓಡಾಟ ಅವಳಿಗೆ ಕಷ್ಟವೆಂದು ಕಂಡು ಕರೆಂಟಮ್ಮ ಪೆಟ್ಟಿಗೆಯನ್ನೇ ಮನೆಗೆ ಕೊಟ್ಟರು. ಬಿಲ್ಲೆ ಎಲ್ಲಿ ಅಂಟಿಸಬೇಕೆಂದು ಕಾಲಿನ ಮೇಲೆ ಪೆನ್ನಿನಲ್ಲಿ ಗುರುತು ಹಾಕಿದರು. ಜೆಲ್ಲು ಒಣಗಿದರೆ ಚರ್ಮ ಸುಡುತ್ತದೆ, ಪ್ರತಿ ಸಲವೂ ಹೊಸದಾಗಿ ಬಳಿಯಬೇಕು ಎಂದು ಎರಡೆರಡು ಸಲ ಹೇಳಿ ಕಳಿಸಿದರು.

ಮನೆಯಲ್ಲಿ ಕೋದಂಡಪ್ಪನ ದರ್ಬಾರು ನೋಡಬೇಕಿತ್ತು. ಸಂಜೆ ಹಾಲು ಡೈರಿಗೆ ಹೋದ ಮೇಲೆ ಕನ್ನಡಕ ಒರೆಸಿ ಹಾಕಿಕೊಳ್ಳುತ್ತಿದ್ದ. ಹೆಂಡತಿಯನ್ನು ಕಬ್ಬಿಣದ ಮಂಚದ ಮೇಲೆ ಕೂರಿಸಿ, ತಾನು ಸ್ಟೂಲಿನ ಮೇಲೆ ನೆಟ್ಟಗೆ ಕೂತು, ಪೆಟ್ಟಿಗೆಯನ್ನು ತೊಡೆಯ ಮೇಲಿಟ್ಟುಕೊಂಡು ತಿರುಪಿಗೆ ಕೈ ಹಾಕಿದನೆಂದರೆ ಮತ್ತೆ ವೈಂಡಿಂಗ್ ಡ್ರೈವರೇ. ನೋಡಲು ಬಂದ ಊರವರನ್ನು ಬಾಗಿಲ ಆಚೆಯೇ ನಿಲ್ಲಿಸುತ್ತಿದ್ದ. ಮೊದಲ ದಿನಗಳು ಚೆನ್ನಾಗಿಯೇ ನಡೆದವು. ಮುತ್ಯಾಲಮ್ಮ ಮತ್ತೆ ಮಂಚಕ್ಕೆ ಬಂದಳು, ಹೊದಿಕೆ ಎಳೆದುಕೊಂಡು ಮಲಗಿದಳು.

ಒಂದು ಸಂಜೆ ಯಾಕೋ ಉರಿ ಬೇಗ ಇಳಿಯಲಿಲ್ಲ. ಕೋದಂಡಪ್ಪ ತಿರುಪನ್ನು ಸ್ವಲ್ಪ ಮುಂದಕ್ಕೆ ತಿರುಗಿಸಿದ, ಅವಳ ಮುಖ ನೋಡಿದ. ಅವಳು ಗೋಡೆ ನೋಡುತ್ತಿದ್ದಳು. ಸಾಕು ಅನ್ನಲಿಲ್ಲ. ಇನ್ನೂ ಸ್ವಲ್ಪ ತಿರುಗಿಸಿದ. ಅವಳು ಸೆರಗನ್ನು ಮುಷ್ಟಿಯಲ್ಲಿ ಹಿಡಿದಿದ್ದಳು, ಅದು ಅವನ ಕಣ್ಣಿಗೆ ಬೀಳಲಿಲ್ಲ, ಡಯಲು ನೋಡುವವನಿಗೆ ಹೇಗೆ ಬಿದ್ದೀತು? ಜೆಲ್ಲು ಹಿಂದಿನ ದಿನದ್ದೇ ಇದೆಯಲ್ಲ ಎಂದು ಅಂದು ಬಳಿದೂ ಇರಲಿಲ್ಲ. ಒಣಗಿದ ಬಿಲ್ಲೆಯ ಕೆಳಗೆ ಚರ್ಮ ಬೇಯುತ್ತಿತ್ತು, ಮೀನಖಂಡ ಗಂಟು ಕಟ್ಟಿತ್ತು. ಅವಳು ಒಂದು ಮಾತೂ ಆಡಲಿಲ್ಲ.

ಬೆಳಿಗ್ಗೆ ಅತ್ತೆಗೆ ಸ್ನಾನಕ್ಕೆ ನೀರು ಹಾಕಲು ಹೋದ ವೆಂಕಟರತ್ನಮ್ಮ ಬಚ್ಚಲಿನಿಂದಲೇ ಮಾವನನ್ನು ಕರೆದಳು. ಹಿಮ್ಮಡಿಗಿಂತ ಮೇಲೆ ಬಿಲ್ಲೆಯ ಗಾತ್ರಕ್ಕೆ ಸರಿಯಾಗಿ ಕೆಂಪಗೆ ಸುಟ್ಟಿತ್ತು, ನಡುವೆ ಗುಳ್ಳೆ ಎದ್ದಿತ್ತು. ಸಕ್ಕರೆಯವರ ಕಾಲಿನ ಗಾಯ ಅಂದರೆ ಏನೆಂದು ಆ ಊರಿನಲ್ಲಿ ಎಲ್ಲರಿಗೂ ಗೊತ್ತು. ಕೆಳಗಿನ ಬೀದಿಯ ಸೊಣ್ಣಪ್ಪ ಹೆಬ್ಬೆರಳಿನ ಗಾಯದಿಂದ ಶುರುವಾಗಿ ಮೊಣಕಾಲಿನ ತನಕ ಕಾಲು ಕಳೆದುಕೊಂಡಿದ್ದ. ಕೋದಂಡಪ್ಪ ಬಚ್ಚಲ ಬಾಗಿಲಲ್ಲೇ ಕುಕ್ಕರಿಸಿದ.

"ನಂಗ್ಯಾಕೆ ಏಳ್ಲಿಲ್ಲ ಮುತ್ಯಾಲೂ?" ಎಂದ. "ಸುಡ್ತೈತೆ ಅಂತ ಒಂದ್ ಮಾತು ಅನ್ಬಾರ್ದಾ?"

ಅವಳು ತಪ್ಪು ಮಾಡಿದವಳಂತೆ ನೆಲ ನೋಡಿದಳು. "ನಿಮ್ ಕೈ ಅದ್ರ ಮ್ಯಾಲಿತ್ತಲ್ಲ," ಎಂದಳು.

ಬೆಲ್ ಬೀಳದೆ ಲಿವರ್ ಮುಟ್ಟಬಾರದು ಎನ್ನುವುದು ಕೋದಂಡಪ್ಪ ಹೊಸಬರಿಗೆಲ್ಲ ಹೇಳಿಕೊಡುತ್ತಿದ್ದ ಮೊದಲ ಪಾಠ. ಗಣಿಯಲ್ಲಿ ಆ ಪಾಠವನ್ನು ಒಂದು ದಿನವೂ ತಪ್ಪದವನು ಮನೆಯಲ್ಲಿ ಹೆಂಡತಿಯ ಬೆಲ್ಲು ಬೀಳದಿರುವುದನ್ನೇ ಒಪ್ಪಿಗೆ ಎಂದುಕೊಂಡು ಇಷ್ಟು ಕಾಲ ಸಂಸಾರ ನಡೆಸಿದ್ದ. ಬೆಲ್ಲಿನ ತಂತಿಯನ್ನು ಎಂದೋ ಕತ್ತರಿಸಿ ಹಾಕಿದವನೂ ತಾನೇ.

ಅವತ್ತೇ ರಾಬರ್ಟ್‌ಸನ್‌ಪೇಟೆಗೆ ಹೋದರು. ಕರೆಂಟಮ್ಮ ಪೆಟ್ಟಿಗೆಯನ್ನು ತಿರುವಿ ನೋಡಿದರು, ಒಣಗಿದ ಬಿಲ್ಲೆ ನೋಡಿದರು, ನಡೆದದ್ದನ್ನು ಕೇಳಿದರು. ಬೈಯಲಿಲ್ಲ. ಬೈದಿದ್ದರೆ ಕೋದಂಡಪ್ಪನಿಗೆ ಎಷ್ಟೋ ಹಗುರಾಗುತ್ತಿತ್ತು. ಗಾಯ ತೊಳೆದು ಕಟ್ಟಿ, ಸಕ್ಕರೆಯ ಡಾಕ್ಟರ ಹತ್ತಿರವೂ ಈಗಲೇ ಹೋಗಿ ತೋರಿಸಿ ಎಂದರು. ಗಾಯ ಪೂರ್ತಿ ಒಣಗುವ ತನಕ ಕರೆಂಟು ಕೂಡದು. ಒಣಗಿದ ಮೇಲೂ, ನೋವಾದರೆ ನೋವಾಯಿತು ಎಂದು ಅಮ್ಮ ಹೇಳುವ ಹಾಗಿದ್ದರೆ ಮಾತ್ರ ಪೆಟ್ಟಿಗೆ ನಿಮ್ಮ ಮನೆಯಲ್ಲಿ ಇರಲಿ, ಇಲ್ಲದಿದ್ದರೆ ವಾಪಸು ಕೊಟ್ಟುಬಿಡಿ ಎಂದರು.

ಆಮೇಲಿನ ದಿನಗಳನ್ನು ಕೋದಂಡಪ್ಪ ಹೇಗೆ ಕಳೆದನೋ ಅವನಿಗೇ ಗೊತ್ತು. ದಿನಾ ಬೆಳಿಗ್ಗೆ ಬಿಸಿಲಿಗೆ ಸ್ಟೂಲು ಹಾಕಿ, ಅವಳ ಕಾಲನ್ನು ತನ್ನ ತೊಡೆಯ ಮೇಲಿಟ್ಟುಕೊಂಡು ಕಟ್ಟು ಬಿಚ್ಚುತ್ತಿದ್ದ. ಬಿಚ್ಚುವ ಮುಂಚೆ ಒಂದು ಗಳಿಗೆ ಕಣ್ಣು ಮುಚ್ಚುತ್ತಿದ್ದ. ಗಂಡನ ತೊಡೆಯ ಮೇಲೆ ಕಾಲಿಡುವುದಕ್ಕೆ ಅವಳಿಗೆ ಸಂಕೋಚ. ನೋಡಿದವರು ಏನಂದುಕೊಂಡಾರು ಎಂದು ಮೊದಲ ದಿನ ಎಳೆದುಕೊಂಡಳು. ನೋಡಿದವರಿಗೆ ಬೇರೆ ಕೆಲಸ ಇದ್ದರೆ ಮಾಡಿಕೊಳ್ಳಲಿ ಎಂದು ಅವನು ಗದರಿದ. ಗಾಯ ಒಂದು ವಾರ ಹಾಗೇ ಇತ್ತು, ಇನ್ನೊಂದು ವಾರಕ್ಕೆ ಅಂಚು ಒಳಕ್ಕೆ ಸರಿಯಿತು, ಕೊನೆಗೆ ಹಸಿ ಆರಿ ಹೊಸ ಚರ್ಮ ಬಂತು. ಆದರೆ ಉರಿ ಮಾತ್ರ ಹಿಂತಿರುಗಿತ್ತು. ಮುತ್ಯಾಲಮ್ಮ ಮಂಚದಿಂದ ಇಳಿದು ಮತ್ತೆ ಸಿಮೆಂಟು ನೆಲಕ್ಕೆ ಹೋಗಿದ್ದಳು.

ಇನ್ನು ಪೆಟ್ಟಿಗೆ ಹಾಕಬಹುದು ಎಂದು ಕರೆಂಟಮ್ಮ ಗಾಯದ ಜಾಗ ನೋಡಿ ಹೇಳಿದರು, ಬಿಲ್ಲೆಗೆ ಬೇರೆ ಜಾಗ ಗುರುತು ಮಾಡಿಕೊಟ್ಟರು. ಕೋದಂಡಪ್ಪ ಮನೆಗೆ ತಂದವನೇ ಪೆಟ್ಟಿಗೆಯನ್ನು ಟವಲಿನಲ್ಲಿ ಸುತ್ತಿ ಗೂಡಿನಲ್ಲಿಟ್ಟ. ಬೇಕಾದರೆ ಸೀನಪ್ಪ ಹಾಕಲಿ, ತನ್ನ ಕೈಯಿಂದ ಆಗದು ಎಂದ. ಸೊಸೆ ಹೇಳಿ ನೋಡಿದಳು, ಮಗ ಹೇಳಿ ನೋಡಿದ. ತನ್ನ ಕೈಯ ಬಗ್ಗೆ ಅಷ್ಟು ಮೆರೆದವನು ಈಗ ಊಟಕ್ಕೆ ಕೂತಾಗಲೂ ಆ ಕೈಯನ್ನು ಕಂಡವರ ಕೈ ನೋಡುವಂತೆ ನೋಡುತ್ತಿದ್ದ.

ಒಂದು ಸಂಜೆ ಸೀನಪ್ಪ ಡೈರಿಗೆ ಹೋಗಿದ್ದ, ವೆಂಕಟರತ್ನಮ್ಮ ಕೊಟ್ಟಿಗೆಯಲ್ಲಿದ್ದಳು. ಕೋದಂಡಪ್ಪ ಸ್ಟೂಲಿನ ಮೇಲೆ ಸುಮ್ಮನೆ ಕೂತಿದ್ದ. ಮುತ್ಯಾಲಮ್ಮ ಗೋಡೆ ಹಿಡಿದುಕೊಂಡು ಎದ್ದಳು, ಗೂಡಿನಿಂದ ಪೆಟ್ಟಿಗೆ ತೆಗೆದಳು, ತಂದು ಗಂಡನ ತೊಡೆಯ ಮೇಲಿಟ್ಟಳು. ತಾನು ಮಂಚದ ಮೇಲೆ ಕೂತಳು.

"ಸೀನಪ್ಪ ಬರ್ಲಿ," ಎಂದ ಅವನು.

"ಅವನ ಕೈ ಬ್ಯಾಡ."

"ನಂದು ಸುಡ್ತೈತೆ ಕಣೇ."

"ನಾನು ಬೆಲ್ ಒಡೀತೀನಿ," ಎಂದಳು ಮುತ್ಯಾಲಮ್ಮ.

ಅವನು ತಲೆಯೆತ್ತಿದ. ಅವಳು ಮಂಚದ ಕಬ್ಬಿಣದ ಕಂಬಿಯನ್ನು ಬಳೆ ಕೈಯಿಂದ ಮೆಲ್ಲಗೆ ತಟ್ಟಿ ಸದ್ದು ನೋಡಿಕೊಂಡಳು. ಅವಳಿಗೆ ಬೆಲ್ಲು ಹೊಡೆಯುವುದು ಎಲ್ಲಿ ತಿಳಿದೀತು ಎಂದು ಅವನಿಗೆ ಅನುಮಾನ. ಒಂದಕ್ಕೆ ಏನು, ಮೂರಕ್ಕೆ ಏನು ಎಂದು ವಿವರಿಸಲು ಹೊರಟ. ಅವಳು ಕೇಳಲಿಲ್ಲ.

"ನಮ್ ಮನೆ ಇಂಜಿನ್ ಮನೆ ಇಂದ್ಗಡೆ ತಾನೆ ಇದ್ದಿದ್ದು? ನಂಗೆ ಕಿವಿ ಇರ್ಲಿಲ್ವಾ? ಮೂರು ಬಿದ್ರೆ ಒಲೆ ಮುಂದೆ ಇದ್ದೋಳು ಎದ್ದು ಕೈ ಮುಗೀತಿದ್ದೆ. ದ್ಯಾವ್ರೇ, ಮನುಸ್ರು ಕೇಜು ಅತ್ತವ್ರೆ, ಇವ್ರ ಕೈ ಕಾಪಾಡಪ್ಪಾ ಅಂತ. ಒಂದು ಬಿದ್ ಮ್ಯಾಲೆ ಕೂತ್ಕೊತಿದ್ದೆ. ದಿನಾ."

ಕೋದಂಡಪ್ಪ ಅವಳನ್ನೇ ನೋಡಿದ. ತನ್ನ ಕೈ ಒಂದು ದಿನವೂ ತಪ್ಪಲಿಲ್ಲ ಎಂದು ಮೆರೆದಿದ್ದೇ ಮೆರೆದಿದ್ದು. ಆ ಕೈಗಾಗಿ ಒಲೆಯ ಮುಂದೆ ಒಬ್ಬಳು ಎದ್ದು ನಿಲ್ಲುತ್ತಿದ್ದಳು ಎನ್ನುವುದು ಇವತ್ತು ತಿಳಿಯಬೇಕೆ? ಅವನ ಕಣ್ಣು ತುಂಬಿತು, ಕನ್ನಡಕ ತೆಗೆದು ಒರೆಸಿಕೊಂಡ. ಆಮೇಲೆ ಬಿಲ್ಲೆಗಳನ್ನು ತೊಳೆದು, ಹೊಸದಾಗಿ ಜೆಲ್ಲು ಬಳಿದು, ಗುರುತಿನ ಮೇಲೆ ಅಂಟಿಸಿ, ಅಂಚನ್ನೆಲ್ಲ ಬೆರಳಿನಿಂದ ಒತ್ತಿದ. ತಿರುಪಿಗೆ ಕೈ ಹಾಕಿ ಕಾದ. ಬೆಲ್ ಬೀಳದೆ ಕೈ ಆಡುವುದಿಲ್ಲ.

ಮುತ್ಯಾಲಮ್ಮ ಕಂಬಿಯನ್ನು ತಟ್ಟಿದಳು. ಒಂದು, ಎರಡು, ಮೂರು.

ಗಣಿಯಲ್ಲೂ ಅವನು ಅಷ್ಟು ಮೆಲ್ಲಗೆ ಇಂಜಿನ್ ಎಬ್ಬಿಸಿರಲಿಲ್ಲ. ಡಯಲು ನೋಡಲಿಲ್ಲ, ಅವಳ ಮುಖ ನೋಡುತ್ತಾ ಕೂದಲೆಳೆಯಷ್ಟು ಕೂದಲೆಳೆಯಷ್ಟು ತಿರುಗಿಸಿದ. ಅವಳ ಹುಬ್ಬು ಸ್ವಲ್ಪ ಮೇಲಕ್ಕೆದ್ದಿತು, ಮುಷ್ಟಿ ಸಡಿಲವಾಯಿತು. ಕಂಬಿಯ ಮೇಲೆ ಒಂದು ಸದ್ದು. ಅವನ ಕೈ ಅಲ್ಲೇ ನಿಂತಿತು. ಮದುವೆಯಾದ ಮೇಲೆ ಅವಳು ಅವನಿಗೆ ನಿಲ್ಲು ಎಂದದ್ದು ಅದೇ ಮೊದಲು. ನಿಂತವನಿಗೂ ಅದು ಹಿತವಾಗಿತ್ತು.

ಉರಿ ಇಳಿಯುವ ತನಕ ಇಬ್ಬರೂ ಹಾಗೇ ಕೂತರು. ಕೊಟ್ಟಿಗೆಯಲ್ಲಿ ಸೊಸೆ ಹಸುವಿಗೆ ಬೈಯುವುದು ಕೇಳುತ್ತಿತ್ತು.

"ಮಾತಾಡು," ಎಂದ ಕೋದಂಡಪ್ಪ.

ಅವಳು ತಿರುಪಿನ ಮೇಲಿದ್ದ ಅವನ ಕೈ ನೋಡಿದಳು. "ಕೈ ಅಲ್ಲೇ ಐತಲ್ಲ."

"ಇರ್ಲಿ, ಮಾತಾಡು. ಏನಾರ ಏಳು."

ಎಷ್ಟೋ ವರ್ಷದ ಮಾತಿನಲ್ಲಿ ಯಾವುದನ್ನು ಮೊದಲು ತೆಗೆಯುವುದು ಎಂದು ತಿಳಿಯದವಳಂತೆ ಸೆರಗಿನ ತುದಿ ಹಿಡಿದುಕೊಂಡಳು. ಆಮೇಲೆ ಹೇಳಿದಳು: "ಆವತ್ತು ಇಂಜಿನ್ ಮನೆ ಬಾಗ್ಲಲ್ಲಿ ಕೂಗಿದ್ನಲ್ಲ, ನಾನು ಮೊದಲ್ನೇ ಸಲ ಒಬ್ಬಟ್ಟು ಮಾಡಿದ್ದೆ. ಬಿಸಿ ಇರೋವಾಗ್ಲೇ ತಿನ್ಲಿ ಅಂತ ಓಡ್ಕೊಂಡು ಬಂದಿದ್ದೆ. ಎಂಗಿತ್ತು ಅಂತ ನೀವು ಏಳ್ಲೇ ಇಲ್ಲ."

ಕೋದಂಡಪ್ಪ ನೆನಪು ಮಾಡಿಕೊಳ್ಳಲು ನೋಡಿದ. ಡಬ್ಬಿ ನೆನಪಿಗೆ ಬಂತು, ಬೋರ್ಡು ನೆನಪಿಗೆ ಬಂತು, ನಡುಗುತ್ತಾ ಹೋಗುತ್ತಿದ್ದ ಹುಡುಗಿಯ ಬೆನ್ನು ನೆನಪಿಗೆ ಬಂತು. ಒಬ್ಬಟ್ಟು ಮಾತ್ರ ಏನು ಮಾಡಿದರೂ ನೆನಪಿಗೆ ಬರಲಿಲ್ಲ.

"ಬಾಳ ಚೆನ್ನಾಗಿತ್ತು ಮುತ್ಯಾಲೂ," ಎಂದ. "ಆ ರುಚಿ ಇನ್ನೂ ನಾಲ್ಗೆ ಮ್ಯಾಲೇ ಐತೆ. ತುಪ್ಪ ಅಂತೂ ಅದೆಷ್ಟು ಆಕಿದ್ದೆ..."

ಮುತ್ಯಾಲಮ್ಮ ನಗು ತಡೆದುಕೊಂಡು ಮಂಚದ ಕಂಬಿಯನ್ನು ಒಂದು ಸಲ ತಟ್ಟಿದಳು.

ಕೋದಂಡಪ್ಪ ನಿಲ್ಲಿಸಿದ.